ತಡೆದಿಟ್ಟ ಬಡಿತ

ಮಾತು ಅವರದು, ಗಂಟಲು ನನ್ನದು. ಇದು ನನ್ನ ಕಸುಬು.

ಹೆಸರು ಮುನಿಗಂಗಪ್ಪ. ಊರಿನವರಿಗೆ ಗಂಗ. ರಾಜಾನುಕುಂಟೆಗಿಂತ ಈಚೆಗೆ, ದೊಡ್ಡಬಳ್ಳಾಪುರದ ರಸ್ತೆ ಬಿಟ್ಟು ಒಳಗೆ ನಡೆದರೆ ಸಿಗುವ ಹಳ್ಳಿಯಲ್ಲಿ ತಮಟೆ ಬಡಿದು ಸಾರುವವನು ನಾನು. ನನ್ನಪ್ಪನೂ ಅದನ್ನೇ ಮಾಡಿದ. ಕಂದಾಯ ಕಟ್ಟಿ ಎಂದು ಸಾರಿದ್ದೇನೆ. ಸಿಡುಬಿನ ಸೂಜಿ ಚುಚ್ಚುವವರು ಬಂದಿದ್ದಾರೆ ಎಂದು ಸಾರಿದ್ದೇನೆ. ಕಳೆದುಹೋದ ಎಮ್ಮೆಯ ಕೊಂಬು ಯಾವ ಕಡೆಗೆ ಬಾಗಿತ್ತು ಎಂದು ಸಾರಿದ್ದೇನೆ. ಸಾರುವಾಗ ಮಾತ್ರ ನಾನು ಊರ ಬೀದಿಗಳಲ್ಲಿ ನಡೆಯಬಹುದು. ಬಾಯಿ ಮುಚ್ಚಿದ ಮೇಲೆ ಹುಣಸೆಮರದ ಆಚೆ ಹೋಗಬೇಕು. ಆಚೆ ನಮ್ಮ ಕೇರಿ. ದೇಶಕ್ಕೆ ಸ್ವಾತಂತ್ರ್ಯ ಬಂತು ಎಂದು ಊರಿಗೆ ಸಾರಿದವನೂ ನಾನೇ. ಸಾರಿ ಮುಗಿಸಿ ಹುಣಸೆಮರದ ಆಚೆ ಹೋದೆ.

ಒಂದೊಂದು ಸುದ್ದಿಗೆ ಒಂದೊಂದು ಬಡಿತ. ಸರ್ಕಾರದ ಮಾತಿಗೆ ಚುರುಕು ಬಡಿತ. ದೇವರ ಕೆಲಸಕ್ಕೆ ಕುಣಿತದ ಬಡಿತ. ಸಾವಿಗೆ ಒಂಟಿ ಬಡಿತ. ಒಂದು ಏಟು, ಬಿಡುವು, ಮತ್ತೆ ಒಂದು ಏಟು. ಅದು ಕಿವಿಗೆ ಬಿದ್ದರೆ ನಮ್ಮೂರಲ್ಲಿ ಯಾರೂ ಬಾವಿಗೆ ಹಗ್ಗ ಬಿಡುವುದಿಲ್ಲ. ಸತ್ತವರ ಮನೆಯ ಹೆಂಗಸು ಬಂದು ಮೊದಲ ಕೊಡ ಸೇದಬೇಕು. ಆಮೇಲೆ ಉಳಿದವರು. ಮೊದಲೇ ಸೇದಿದರೆ ಸಾವು ಆ ಕೊಡದ ಹಿಂದೆಯೇ ಸೇದಿದವರ ಮನೆಗೆ ಬರುತ್ತದೆ ಎಂದು ನಂಬಿಕೆ. ಊರೊಳಗೆ ಸತ್ತರೆ ಊರ ಬಾವಿ, ಕೇರಿಯೊಳಗೆ ಸತ್ತರೆ ಕೇರಿಯ ಕುಂಟೆ. ಈ ಕಟ್ಟಳೆ ಮಾಡಿದವರು ಊರಿನವರು. ಕೇರಿಯವನೊಬ್ಬ ಊರೊಳಗೆ ಸತ್ತರೆ ಹೇಗೆ ಎಂದು ಅವರು ಯೋಚಿಸಿರಲಿಲ್ಲ. ನಾವು ಊರೊಳಗೆ ಕೂರುವುದೇ ಇಲ್ಲ, ಸಾಯುವುದು ಎಲ್ಲಿಂದ ಬಂತು.

ಪಟೇಲ ದೊಡ್ಡಮುನಿಯಪ್ಪನವರ ತಾಯಿ ಯುಗಾದಿಯ ಬೆಳಿಗ್ಗೆ ಸತ್ತರು. ಒಲೆಯ ಮೇಲೆ ಹೋಳಿಗೆಯ ಬೇಳೆ ಬೇಯುತ್ತಿತ್ತು. ಹಬ್ಬ ಕಳೆಯಲಿ ಎಂದು ಪಟೇಲರು ಬಡಿತ ತಡೆದರು. ಮರುದಿನ ನಾನು ಬಡಿದೆ. ಪಟೇಲರ ಹೆಂಡತಿ ಸುಬ್ಬಮ್ಮ ಬಂದು ಮೊದಲ ಕೊಡ ಸೇದುವ ತನಕ ಊರಿಗೆ ಊರೇ ಖಾಲಿ ಕೊಡ ಹಿಡಿದು ನಿಂತಿತ್ತು. ಬಡಿತ ತಡೆಯಬಹುದು. ಬಿಟ್ಟೇಬಿಡುವಂತಿಲ್ಲ.

ಅರವತ್ತರ ಆಸುಪಾಸಿನಲ್ಲಿ ನಮ್ಮೂರಿಗೆ ನರಸಿಂಹಯ್ಯನವರು ಬರಲು ಶುರು ಮಾಡಿದರು. ಯಲಹಂಕದ ಕಡೆಯವರು. ಯಾವುದೋ ಬೋರ್ಡಿನ ಅಧ್ಯಕ್ಷರು. ಖಾದಿ ಜುಬ್ಬ, ಜೀಪು, ಜೇಬಿನಲ್ಲಿ ಕಲ್ಲುಸಕ್ಕರೆ. ಭಾಷಣ ಮಾಡಿ ಮಾಡಿ ಗಂಟಲು ಕಟ್ಟುತ್ತದಂತೆ, ಅದಕ್ಕೆ ಕಲ್ಲುಸಕ್ಕರೆ. ನನಗೂ ಒಂದು ಹರಳು ಕೊಡುತ್ತಿದ್ದರು. ನನ್ನ ಅಂಗೈಗಿಂತ ಒಂದು ಗೇಣು ಮೇಲಿನಿಂದ ಬಿಡುತ್ತಿದ್ದರು. ಊರಿನವರು ನಮ್ಮನ್ನು ಜಾತಿ ಹಿಡಿದು ಕರೆಯುತ್ತಾರೆ, ಇವರು ಬಂಧುಗಳೇ ಎನ್ನುತ್ತಿದ್ದರು. ಎರಡೂ ಸಲ ನಾವು ನಿಲ್ಲುವ ಜಾಗ ಒಂದೇ, ಹುಣಸೆಮರದ ಆಚೆ.

ಅವರ ಒಂದೊಂದು ಮಾತಿಗೂ ಎರಡು ತುದಿ ಇರುತ್ತಿತ್ತು. ಒಂದು ತುದಿಯಲ್ಲಿ ಆಸೆ. ಇನ್ನೊಂದು ತುದಿಯಲ್ಲಿ ಕಷ್ಟ. ನಡುವೆ 'ಆದರೆ'. ದೇಶ ಮುಂದೆ ಹೋಗುತ್ತಿದೆ, ಆದರೆ ಹಾದಿ ದೂರ. ಎಲ್ಲರಿಗೂ ಶಾಲೆ ಬರುತ್ತದೆ, ಆದರೆ ಹಣ ಕಡಿಮೆ. ಒಂದು ದಿನ ನನಗೇ ವಿವರಿಸಿದರು.

"ನೋಡು ಗಂಗ, ಬರೀ ಆಸೆ ಹೇಳಿದ್ರೆ ನಾಳೆ ಸುಳ್ಳಾಗುತ್ತೆ. ಬರೀ ಕಷ್ಟ ಹೇಳಿದ್ರೆ ಜನ ಕೈಕಟ್ಟಿ ಕೂತ್ಕೋತಾರೆ. ಎರಡನ್ನೂ ಹದವಾಗಿ ಕಲಸ್ಬೇಕು. ಮುದ್ದೆ ತೊಳಸೋ ಹಾಗೆ."

ಮುದ್ದೆ ತೊಳಸುವುದು ನನಗೂ ಗೊತ್ತು. ಅದಕ್ಕೆ ರಾಗಿಹಿಟ್ಟು ಬೇಕು.

ಊರ ಹಳೇ ಬಾವಿ ಬೇಸಿಗೆಯಲ್ಲಿ ಕೆಸರು ಕಾರುತ್ತಿತ್ತು. ಕೇರಿಯಲ್ಲಿ ಬಾವಿಯೇ ಇರಲಿಲ್ಲ. ಎಮ್ಮೆ ಮೈತೊಳೆಯುವ ಕುಂಟೆಯ ನೀರನ್ನೇ ಸೀರೆಯ ಸೆರಗಿನಲ್ಲಿ ಸೋಸಿ ಕುಡಿಯುತ್ತಿದ್ದೆವು. ಮಳೆಗಾಲ ಶುರುವಾದರೆ ಕೇರಿಯಲ್ಲಿ ವಾಂತಿಭೇದಿ. ನನ್ನ ಒಂದು ಮಗು ಅದರಲ್ಲೇ ಹೋಯಿತು. ತಂಗಿ ಲಕ್ಕಮ್ಮನದೂ ಒಂದು ಹೋಯಿತು. ಹೀಗಿರುವಾಗ ನರಸಿಂಹಯ್ಯನವರು ಜೀಪಿನಿಂದ ಇಳಿದು ಹೊಸ ಬಾವಿಯ ಮಾತು ತೆಗೆದರು. ಜಾಗ ಊರ ಕಡೆ, ಹುಣಸೆಮರದಿಂದ ಒಂದು ಕೂಗಿನ ದೂರ. ಕೆಲಸ ಶ್ರಮದಾನದಿಂದ. ಮನೆಗೊಬ್ಬರು ಬಂದು ಕೂಲಿಯಿಲ್ಲದೆ ಅಗೆಯಬೇಕು.

"ಬಾವಿ ಎಲ್ಲರದು ಅಂತ ಸಾರು" ಎಂದರು.

"ಎಲ್ಲಾರ್ದೂ ಅಂದ್ರೆ ಕೇರಿಯೋರ್ದೂವಾ ಸ್ವಾಮಿ?"

"ಎಲ್ಲರದು ಅಂದ್ರೆ ಎಲ್ಲರದು ಕಣೋ. ಸ್ವತಂತ್ರ ದೇಶ ಇದು."

ಪಕ್ಕದಲ್ಲಿ ಪಟೇಲರು ನಿಂತಿದ್ದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮೋಡ ಇದೆಯೇ ಎಂದು ಮೇಲೆ ನೋಡಿದರು.

ಅವತ್ತು ನಾನು ಬಡಿದ ಹಾಗೆ ಯಾವತ್ತೂ ಬಡಿದಿರಲಿಲ್ಲ. ಹುಲ್ಲಿನ ಬೆಂಕಿಯಲ್ಲಿ ತಮಟೆ ಕಾಯಿಸಿ ಕಾಯಿಸಿ ಬಡಿದೆ. ಬಾವಿ ಎಲ್ಲರದು. ಬಾವಿ ಎಲ್ಲರದು. ನಂಬಿದ್ದೆ. ನಂಬದೆ ಇನ್ನೇನು ಮಾಡಲಿ, ನೀರಿನ ವಿಷಯ.

ಮೊದಲ ದಿನ ಊರೂ ಬಂತು, ಕೇರಿಯೂ ಬಂತು. ಯಲಹಂಕದಿಂದ ಫೋಟೋ ತೆಗೆಯುವ ವಾಜಿದ್ ಸಾಬರೂ ಬಂದರು. ನರಸಿಂಹಯ್ಯನವರು ತಲೆಯ ಮೇಲೆ ಮಣ್ಣಿನ ಮಂಕರಿ ಹೊತ್ತರು. ಕಣ್ಣು ಮುಚ್ಚಿಕೊಂಡುಬಿಟ್ಟಿರಿ, ಇನ್ನೊಂದು ಸಲ ಎಂದರು ವಾಜಿದ್ ಸಾಬರು. ಇನ್ನೊಂದು ಸಲದ ಮಂಕರಿಗೆ ನರಸಿಂಹಯ್ಯನವರು ಮಣ್ಣು ಕಡಿಮೆ ಹಾಕಿಸಿಕೊಂಡರು. ಮರುದಿನದಿಂದ ಊರಿನವರು ಮೇಲೆ ನಿಂತು ಉಸ್ತುವಾರಿ ನೋಡಿಕೊಂಡರು. ಅಗೆದವರು ನಾವು. ಕೆಲಸಕ್ಕೆ ಬರುವಾಗ ಹುಣಸೆಮರ ಅಡ್ಡ ಬರುವುದಿಲ್ಲ.

ಮೊದಲು ಕೆಮ್ಮಣ್ಣು. ಆಮೇಲೆ ಜೇಡಿ. ಆಮೇಲೆ ಬಂಡೆ. ಕೆಮ್ಮಣ್ಣಿಗೆ ಗುದ್ದಲಿ ಸಾಕು. ಜೇಡಿ ಗುದ್ದಲಿಯನ್ನು ಹಿಡಿದು ಬಿಡುವುದಿಲ್ಲ. ಬಂಡೆ ಯಾರ ಮಾತನ್ನೂ ಕೇಳುವುದಿಲ್ಲ. ಹಾರೆ ಹಾಕಿ ಎತ್ತಿದರೆ ಭುಜದ ಕೀಲು ಕಳಚಿದಂತಾಗುತ್ತಿತ್ತು. ಅಂಗೈ ಬೊಬ್ಬೆ ಬಂದು, ಒಡೆದು, ಮತ್ತೆ ಬೊಬ್ಬೆ ಬಂತು. ಮಣ್ಣು ಹೊತ್ತು ಹೊತ್ತು ಹೆಂಗಸರ ನಡುನೆತ್ತಿಯ ಕೂದಲು ಸವೆಯಿತು. ಹಗಲು ಶ್ರಮದಾನ, ಸಂಜೆ ಊರಿನವರ ಹೊಲದಲ್ಲಿ ಹೊಟ್ಟೆಗಾಗಿ ಕೂಲಿ. ಬಾಯಾರಿದರೆ ಬಾವಿಯ ದಡದಲ್ಲಿ ಸಾಲಾಗಿ ಕೂರಬೇಕು. ಊರಿನವನೊಬ್ಬ ಎತ್ತರದಲ್ಲಿ ನಿಂತು ಬೊಗಸೆಗೆ ನೀರು ಹುಯ್ಯುತ್ತಿದ್ದ. ಅರ್ಧ ನೀರು ಮೊಣಕೈಯಿಂದ ಮಣ್ಣಿಗೆ ಹೋಗುತ್ತಿತ್ತು. ಬಾವಿ ತೋಡುವವರಿಗೆ ಇಷ್ಟು ಬಾಯಾರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನಮ್ಮಲ್ಲಿ ಮುಂದೆ ನಿಂತು ಅಗೆದವನು ಚಿಕ್ಕಮಾರಯ್ಯ. ಲಕ್ಕಮ್ಮನ ಗಂಡ, ನನಗೆ ಭಾವ. ಗಟ್ಟಿ ಆಳು, ಬಾಯಿಯೂ ಗಟ್ಟಿ. ಬಂಡೆ ಸಿಕ್ಕಿದಾಗ ಕೇರಿಯ ಕೆಲವರು ಸಾಕಪ್ಪ ಎಂದರು. ಚಿಕ್ಕಮಾರಯ್ಯ ಬಿಡಲಿಲ್ಲ. "ನಮ್ ಬಾವಿ ಕಣ್ರೋ ಇದು. ಬಂಡೆ ಏನ್ ಮಾಡ್ತದೆ, ಒಡದ್ರೆ ಒಡೀತದೆ" ಎಂದ.

ಆ ದಿನವೇ ನರಸಿಂಹಯ್ಯನವರು ಬಂದು ನನಗೆ ಹೊಸ ಮಾತು ಕೊಟ್ಟರು. ಬಾವಿ ಎಲ್ಲರಿಗಾಗಿ. ಎಲ್ಲರದು ಎನ್ನುವುದು ಬೇಡವಂತೆ, ಕೆಲವರಿಗೆ ಮುಜುಗರವಂತೆ. ಬಂಡೆಯನ್ನು ಅರ್ಧ ಒಡೆದಾಗ ಇನ್ನೊಂದು ಮಾತು ಬಂತು. ಬಾವಿ ಎಲ್ಲರ ಹಿತಕ್ಕಾಗಿ. ಸಾರಿದೆ. ನಾನು ಪೆದ್ದನಲ್ಲ. ಬಾವಿ ಆಳಕ್ಕೆ ಹೋದಂತೆಲ್ಲ ಮಾತು ಮೇಲೆ ಮೇಲೆ ತೇಲುತ್ತಿದೆ ಎಂದು ತಿಳಿಯುತ್ತಿತ್ತು. ಭಾವನಿಗೆ ಹೇಳಿದೆ. ಅವನು ನಕ್ಕ.

"ಮಾತು ಎಂಗಾದ್ರೂ ಇರ್ಲಿ ಬಿಡು. ನೀರು ಬಂದ್ಮೇಲೆ ನೀರಿಗೆ ಮಾತು ಅರ್ಥ ಆಗ್ತದಾ?" ಎಂದ.

ನೀರು ಬಂತು. ಬಂಡೆಯ ಬಿರುಕಿನಿಂದ ಬೆರಳು ಗಾತ್ರ ಬಂತು. ಚಿಕ್ಕಮಾರಯ್ಯ ಕೆಳಗಿನಿಂದ "ನೀರು!" ಎಂದು ಕೂಗಿದ. ಅಗೆದ ಮಣ್ಣನ್ನೂ ಕಲ್ಲನ್ನೂ ದೂರ ಸಾಗಿಸುತ್ತೇವೆ ಎಂದು ನಾವು ಮೊದಲೇ ಕೇಳಿಕೊಂಡಿದ್ದೆವು. ಮುಂದೆ ಕಟ್ಟೆ ಕಟ್ಟಲು ಬೇಕಾಗುತ್ತದೆ, ದಡದಲ್ಲೇ ಇರಲಿ ಎಂದಿದ್ದರು ಪಟೇಲರು. ಕೂಗು ಕೇಳಿದ್ದೇ ತಡ ಊರಿನವರೆಲ್ಲ ಆ ಗುಡ್ಡೆಯ ಮೇಲೆ ಹತ್ತಿ ಇಣುಕಿದರು. ಗುಡ್ಡೆ ಜಾರಿತು. ಅವರು ಹಿಂದಕ್ಕೆ ಓಡಿದರು. ಮಣ್ಣೂ ಕಲ್ಲೂ ಕೆಳಗೆ ಹೋದವು. ಕೆಳಗೆ ಇದ್ದವನು ಒಬ್ಬನೇ.

ನಾನು ಹಗ್ಗ ಹಿಡಿದು ಇಳಿದೆ. ಕೈಯಿಂದಲೇ ತೋಡಿದೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಬಾಯಿ ತುಂಬ ಕೆಸರು. ಎರಡು ಸಲ ಗುಟುಕರಿಸಿದ, ಅಷ್ಟೆ. ಹೊಸ ಬಾವಿಯ ನೀರನ್ನು ಮೊದಲು ಕುಡಿದವನು ಅವನೇ. ಮೇಲಿನಿಂದ ಪಟೇಲರು ನೋಡುತ್ತಿದ್ದರು. ಊರೆಲ್ಲ ನೋಡುತ್ತಿತ್ತು. ಹೆಣವನ್ನು ಮಣ್ಣು ಎತ್ತುವ ಹಗ್ಗದಿಂದಲೇ ಮೇಲೆತ್ತಿದೆವು.

ಸಂಜೆಗೆ ಮುಂಚೆ ಜೀಪು ಬಂತು. ನರಸಿಂಹಯ್ಯನವರ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಇತ್ತು. ಲಕ್ಕಮ್ಮನ ಕಡೆಗೆ ಕೈ ಮುಗಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಪಟೇಲರೂ ಬಂದರು. ಬಾವಿಯ ಉದ್ಘಾಟನೆಗೆ ಬೆಂಗಳೂರಿನಿಂದ ಮಂತ್ರಿಗಳು ಬರುವುದು ಗೊತ್ತಾಗಿತ್ತು. ಕರೆಯೋಲೆ ಹಂಚಿ ಆಗಿತ್ತು.

"ತುಂಬಾ ದುಃಖದ ವಿಷಯ. ಆದರೆ ಈಗ ಜನರ ಧೈರ್ಯ ಕುಗ್ಗಬಾರದು" ಎಂದರು ನರಸಿಂಹಯ್ಯನವರು. "ಬಾವಿಯಲ್ಲಿ ಪೆಟ್ಟಾಯ್ತು, ಮನೇಲಿ ತೀರಿಕೊಂಡ. ಹೀಗಂತ ಇರ್ಲಿ."

"ಇಲ್ಲ ಸ್ವಾಮಿ. ಬಾವೀಲೇ ಓದ. ನನ್ ತೊಡೆ ಮೇಲೇ ಓದ."

"ನಾನು ಇಲ್ಲ ಅಂತಿಲ್ಲ ಕಣೋ. ಯಾವ ಮಾತು ಆಡಿದ್ರೆ ಎಲ್ಲರಿಗೂ ಒಳ್ಳೇದು ಅಂತ ನೋಡ್ಬೇಕು."

ಅವರಿಗೆ ನಮ್ಮೂರ ಕಟ್ಟಳೆ ಗೊತ್ತಿರಲಿಲ್ಲ. ಪಟೇಲರಿಗೆ ಗೊತ್ತಿತ್ತು. ಬಾವಿಯಲ್ಲಿ ಸತ್ತ ಎಂದರೆ ಊರೊಳಗೆ ಸತ್ತ ಎಂದಾಯಿತು. ಆಗ ಊರ ಬಾವಿಯಲ್ಲಿ ಮೊದಲ ಕೊಡ ಯಾರದು ಎಂದು ಪಟೇಲರು ಆಗಲೇ ಲೆಕ್ಕ ಹಾಕಿದ್ದರು. ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

"ಬಡಿಯಂಗಿದ್ರೆ ಕೇರಿ ಒಳಗೆ ಬಡ್ಕೋ. ಊರಾಗೆ ಕೈ ಎತ್ತಿದ್ರೆ ಸುಗ್ಗೀಲಿ ನಿನ್ ಚೀಲಕ್ಕೆ ಒಂದು ಕಾಳು ಬೀಳಾಕಿಲ್ಲ" ಎಂದರು ಪಟೇಲರು. ಸಾರುವವನಿಗೆ ಊರು ಸುಗ್ಗಿಯಲ್ಲಿ ಕೊಡುವ ರಾಗಿಯೇ ವರ್ಷದ ಊಟ. ನನಗೆ ನಾಲ್ಕು ಮಕ್ಕಳು.

ಕೇರಿಗೆ ಬಂದು ತಮಟೆ ಕೈಗೆ ತೆಗೆದುಕೊಂಡೆ. ಲಕ್ಕಮ್ಮ ಹೆಣದ ಪಕ್ಕದಿಂದ ಎದ್ದು ಬಂದು ನನ್ನ ಕೋಲು ಹಿಡಿದುಕೊಂಡಳು.

"ಇಲ್ ಬಡೀಬ್ಯಾಡ ಅಣ್ಣ. ಅವ್ನು ಇಲ್ ಸಾಯ್ನಿಲ್ಲ."

"ಬಡೀದೆ ಮಣ್ಣು ಮಾಡಾದು ಎಂಗವ್ವ?"

"ಬಡೀದೇನೆ ಮಾಡು. ನೀನು ಕೇರೀಲಿ ಬಡುದ್ರೆ ಅವ್ನು ಕೇರೀಲಿ ಸತ್ತಂಗಾಯ್ತದೆ."

ಬಡಿಯಲಿಲ್ಲ. ನಮ್ಮ ಕೇರಿಯಲ್ಲಿ ಬಡಿತವಿಲ್ಲದೆ ಮಣ್ಣಿಗೆ ಹೋದವನು ಚಿಕ್ಕಮಾರಯ್ಯ ಒಬ್ಬನೇ. ಊರಲ್ಲಿ ಅವನ ಹೆಸರು ಎತ್ತುವವರಿಲ್ಲ. ಬಾವಿಗೆ ಕಲ್ಲಿನ ಕಟ್ಟೆ ಎದ್ದಿತು. ರಾಟೆ ಬಂತು. ನಮ್ಮವರು ಯಾರಾದರೂ ಕಟ್ಟೆಯ ಹತ್ತಿರ ಸುಳಿದರೆ ಪಟೇಲರ ಮಗ ಆನಂದಪ್ಪ ಕಲ್ಲು ತೆಗೆದು ಬೀಸುತ್ತಿದ್ದ. ಕೆಲಸ ಮುಗಿದಿತ್ತು. ಹುಣಸೆಮರ ಮತ್ತೆ ಅಡ್ಡ ಬಂದಿತ್ತು.

ಉದ್ಘಾಟನೆಯ ಹಿಂದಿನ ದಿನ ನರಸಿಂಹಯ್ಯನವರು ನನ್ನನ್ನು ಕರೆಸಿ ಕೊನೆಯ ಮಾತು ಕೊಟ್ಟರು. ಭಾಷಣ ಮುಗಿದ ಮೇಲೆ ನಾನು ತಮಟೆ ಬಡಿದು ಅದನ್ನು ಸಾರಬೇಕು, ಸುಬ್ಬಮ್ಮ ಮೊದಲ ಕೊಡ ಸೇದಬೇಕು, ಮಂತ್ರಿಗಳು ಒಂದು ಗುಟುಕು ಕುಡಿಯಬೇಕು.

"ಹೀಗೆ ಸಾರು. ಬಾವಿ ಸದ್ಯಕ್ಕೆ ಊರಿಗೆ, ಕ್ರಮೇಣ ಕೇರಿಗೆ."

"ಕ್ರಮೇಣ ಅಂದ್ರೆ ಯಾವಾಗ ಸ್ವಾಮಿ?"

"ಅದು ತಾರೀಕಲ್ಲ ಕಣೋ. ಭರವಸೆ. ಇಲ್ಲ ಅಂತ ಅನ್ಬಾರ್ದು, ಅದು ನಿರಾಶೆ. ಇವತ್ತೇ ಅಂತಾನೂ ಅನ್ನಕ್ಕಾಗಲ್ಲ, ಗಲಾಟೆ ಆಗುತ್ತೆ. ಊರಿನವರ ಮನಸ್ಸು ಬದಲಾಗ್ಬೇಕು. ಬದಲಾಗೇ ಆಗುತ್ತೆ. ಆದರೆ ಅದಕ್ಕೆ ಕಾಲ ಬೇಕು."

"ಅಗೆಯಕ್ಕೆ ಕರೆದಾಗ ಕಾಲ ಬೇಕು ಅನ್ನಲಿಲ್ವಲ್ಲ ಸ್ವಾಮಿ."

ಅವರು ಬೇಸರ ಮಾಡಿಕೊಳ್ಳಲಿಲ್ಲ. ಜೇಬಿಗೆ ಕೈ ಹಾಕಿ ಒಂದು ಹರಳು ಕಲ್ಲುಸಕ್ಕರೆ ತೆಗೆದು ಮೇಲಿನಿಂದ ಬಿಟ್ಟರು. ನಾನು ಅಂಗೈ ಚಾಚಿರಲಿಲ್ಲ. ಅದು ಮಣ್ಣಿಗೆ ಬಿತ್ತು.

ಲಕ್ಕಮ್ಮನಿಗೆ ಹೋಗಿ ಹೇಳಿದೆ. ಅವಳು ರಾಗಿ ಬೀಸುತ್ತಿದ್ದಳು.

"ಕ್ರಮೇಣ ಅಂದ್ರೆ ಏನಣ್ಣ?"

"ನಿಧಾನಕ್ಕೆ ಅಂತ."

"ಅವ್ನ ಮೇಲೆ ಮಣ್ಣು ನಿಧಾನಕ್ಕೆ ಬಿತ್ತಾ?"

ಅವಳು ಇನ್ನೊಂದು ಹಿಡಿ ರಾಗಿ ಹಾಕಿ ಬೀಸಿದಳು.

"ನಾಳೆ ನಾನು ಕೊಡ ತೊಳ್ದು ಇಟ್ಕಂಡಿರ್ತೀನಿ. ಬಡಿಯಾದು ಬಿಡಾದು ನಿಂಗೆ ಬಿಟ್ಟಿದ್ದು. ನಿಂಗೂ ಮಕ್ಕಳವೆ" ಎಂದಳು.

ಬೆಳಿಗ್ಗೆ ಶಾಮಿಯಾನ ಎದ್ದಿತ್ತು. ಬಾಳೆಕಂದು, ಮಾವಿನ ತೋರಣ, ಬ್ಯಾಟರಿಯ ಮೈಕು. ಕೇರಿಯವರಿಗೆ ಹುಣಸೆಮರದ ನೆರಳಿನಲ್ಲಿ ಜಾಗ. ನರಸಿಂಹಯ್ಯನವರೇ ಬಂದು ಬಿಸಿಲಿಲ್ಲ ತಾನೇ ಎಂದು ವಿಚಾರಿಸಿದರು. ಮಂತ್ರಿಗಳು ತಡವಾಗಿ ಬಂದರು, ಹಾರ ಹಾಕಿಸಿಕೊಂಡು ಕೂತರು, ಕೂತಲ್ಲೇ ಸ್ವಲ್ಪ ತೂಕಡಿಸಿದರು. ವಾಜಿದ್ ಸಾಬರು ಕ್ಯಾಮೆರಾ ಹಿಡಿದು ಬಾವಿಯ ಕಟ್ಟೆಗೆ ಒರಗಿದ್ದರು.

ನರಸಿಂಹಯ್ಯನವರು ಮಾತಾಡಿದರು. ಚೆನ್ನಾಗಿ ಮಾತಾಡಿದರು. ನಾವು ಬಹಳ ದೂರ ಬಂದಿದ್ದೇವೆ, ಆದರೆ ಇನ್ನೂ ಬಹಳ ದೂರ ಹೋಗಬೇಕು ಎಂದರು. ನಾನು ಅವರ ಕಾಲ ಕಡೆ ನೋಡಿದೆ. ಹೊಸ ಚಪ್ಪಲಿ. ಕೊನೆಗೆ ದನಿ ತಗ್ಗಿಸಿ, "ಈ ಮಹತ್ಕಾರ್ಯದಲ್ಲಿ ದುಡಿದ ಒಬ್ಬ ಹರಿಜನ ಸೋದರ ಅಸ್ವಸ್ಥನಾಗಿ ನಂತರ ಸ್ವಗೃಹದಲ್ಲಿ ನಮ್ಮನ್ನಗಲಿದ್ದು ವಿಷಾದದ ಸಂಗತಿ. ಆದರೆ ಅವನ ಬೆವರು ಈ ನೀರಿನಲ್ಲಿದೆ" ಎಂದರು. ಚಪ್ಪಾಳೆ ಬಿತ್ತು.

ಸ್ವಗೃಹ ಎಂದರೆ ಏನೆಂದು ನನಗೆ ಗೊತ್ತು. ಚಿಕ್ಕಮಾರಯ್ಯನ ಗುಡಿಸಲಿಗೆ ಬಾಗಿಲಿರಲಿಲ್ಲ, ಗೋಣಿಚೀಲ ಇಳಿಬಿಟ್ಟಿದ್ದರು. ಹೆಸರನ್ನಾದರೂ ಹೇಳಬಹುದಿತ್ತು.

"ಗಂಗ, ಬಡಿಯೋ" ಎಂದರು ನರಸಿಂಹಯ್ಯನವರು ಮೈಕಿನಲ್ಲೇ.

ಸುಬ್ಬಮ್ಮ ರೇಷ್ಮೆ ಸೀರೆ ಉಟ್ಟು, ಹಿತ್ತಾಳೆ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ ಹಗ್ಗ ಹಿಡಿದಿದ್ದರು. ನಾನು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿದೆ. ಆತುರ ಮಾಡಲಿಲ್ಲ. ಚರ್ಮ ಬಿಗಿಯಿತು. ಕೋಲು ಎತ್ತಿದೆ.

ಒಂದು ಏಟು. ಬಿಡುವು. ಮತ್ತೆ ಒಂದು ಏಟು.

ಸುಬ್ಬಮ್ಮ ಹಗ್ಗ ಬಿಟ್ಟು ಹಿಂದಕ್ಕೆ ಸರಿದರು. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡರು. ಗಂಡಸರು ಯಾರ ಮನೆಯಲ್ಲಿ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮಂತ್ರಿಗಳು ಕಣ್ಣು ಬಿಟ್ಟರು.

"ಯಾಕೆ ನಿಂತರು?" ಎಂದು ಕೇಳಿದರು.

"ಏನಿಲ್ಲ ಸಾರ್. ಸ್ಥಳೀಯ ಪದ್ಧತಿ" ಎಂದರು ನರಸಿಂಹಯ್ಯನವರು.

ಪಟೇಲರು ಎದ್ದು ನಿಂತರು. ಗೊತ್ತಿದ್ದೂ ಕೇಳಿದರು. "ಯಾರ್ ಸಾವಿಗೋ ಅದು?"

ಆಗ ನಾನು ಸಾರಿದೆ. ಆ ದಿನ ಮಾತೂ ನನ್ನದೇ, ಗಂಟಲೂ ನನ್ನದೇ.

"ಚಿಕ್ಕಮಾರಯ್ಯ ಸತ್ತವ್ನೆ! ಊರೊಳಗೆ ಸತ್ತವ್ನೆ! ಈ ಬಾವೀಲಿ ಸತ್ತವ್ನೆ! ಮಣ್ಣು ಬಿದ್ದು ಸತ್ತವ್ನೆ! ಊರೋರು ದಡದ ಮೇಲೆ ನಿಂತು ನೋಡವ್ರೆ!"

ಇಷ್ಟೇ. ಇದರಲ್ಲಿ 'ಆದರೆ' ಇರಲಿಲ್ಲ.

"ನಿಲ್ಸೋ! ಬೇರೆ ಬಡಿತ ಬಡಿ! ಅದನ್ನ ರದ್ದು ಮಾಡು!" ನರಸಿಂಹಯ್ಯನವರ ದನಿ ಮೈಕಿನಲ್ಲಿ ಕೀರಲಾಯಿತು.

"ರದ್ದು ಆಗಾಕಿಲ್ಲ ಸ್ವಾಮಿ. ಪಟೇಲರನ್ನ ಕೇಳಿ" ಎಂದೆ.

ಆನಂದಪ್ಪ ಓಡಿ ಬಂದು ನನ್ನ ಎದೆಗೆ ಒದ್ದ. ಬಿದ್ದೆ. ತಮಟೆಯ ಮೇಲೆ ಕಾಲಿಟ್ಟು ತುಳಿದ. ಚರ್ಮ ಹರಿಯಿತು. ನನ್ನ ಬಾಯಲ್ಲಿ ಉಪ್ಪುರುಚಿ ಬಂತು. ಅವನು ಸೀದಾ ಹೋಗಿ ತಾಯಿಯ ಕೈಗೆ ಹಗ್ಗ ತುರುಕಿದ.

"ಸೇದವ್ವ ನೀನು. ಇವ್ನ ಮಾತೇನು ಕೇಳ್ತೀಯ."

"ನಾನು ಸೇದಾಕಿಲ್ಲ" ಎಂದರು ಸುಬ್ಬಮ್ಮ. "ನಿನ್ ಕೂಸು ತೊಟ್ಟಿಲಾಗೈತೆ. ಬಡಿತ ಬಿತ್ತಲ್ಲೋ."

ಊರಲ್ಲಿ ಯಾವ ಹೆಂಗಸೂ ಮುಂದೆ ಬರಲಿಲ್ಲ. ಎಲ್ಲರ ಮನೆಯಲ್ಲೂ ಒಂದು ಕೂಸೋ ಒಬ್ಬ ಮುದುಕನೋ ಇರುತ್ತಾರೆ. ಎಲ್ಲರೂ ಪಟೇಲರನ್ನು ನೋಡಿದರು. ಪಟೇಲರು ಬಾವಿ ನೋಡಿದರು, ಮಂತ್ರಿಗಳನ್ನು ನೋಡಿದರು, ಮೇಲೆ ನೋಡಿದರು. ಮೋಡ ಇರಲಿಲ್ಲ. ಕೂತುಬಿಟ್ಟರು.

ಲಕ್ಕಮ್ಮ ಹುಣಸೆಮರದ ನೆರಳಿನಿಂದ ಎದ್ದಳು. ಸೊಂಟದಲ್ಲಿ ಮಣ್ಣಿನ ಕೊಡ. ಅವಳು ನಡೆದು ಬರುವಾಗ ಜನ ಎರಡು ಕಡೆಗೂ ಸರಿದರು. ಹೆದರಿ ಸರಿದರೋ ಮೈಲಿಗೆಗೆ ಸರಿದರೋ, ಅಂತೂ ದಾರಿಯಾಯಿತು. ಕಟ್ಟೆ ಹತ್ತಿದಳು. ಹೊಸ ಹಗ್ಗವನ್ನು ಹಿತ್ತಾಳೆ ಕೊಡದಿಂದ ಬಿಚ್ಚಿ ತನ್ನ ಕೊಡಕ್ಕೆ ಬಿಗಿದಳು. ಬಿಟ್ಟಳು. ಕೊಡ ನೀರಿಗೆ ಬಿದ್ದ ಸದ್ದು ಹುಣಸೆಮರದ ತನಕ ಕೇಳಿತು. ಸೇದಿದಳು. ಆ ಬಾವಿಯಿಂದ ಅವಳು ಎಷ್ಟೋ ಮಂಕರಿ ಕಲ್ಲು ಹೊತ್ತಿದ್ದಳು, ನೀರು ಹಗುರವೇ. ಒಂದು ಬೊಗಸೆ ಗಂಡನ ಹೆಸರು ಹೇಳಿ ನೆಲಕ್ಕೆ ಬಿಟ್ಟಳು. ಒಂದು ಬೊಗಸೆ ತಾನು ಕುಡಿದಳು. ಅಳಲಿಲ್ಲ. ಅತ್ತವನು ನಾನು.

ಅಷ್ಟರಲ್ಲಿ ಮಂತ್ರಿಗಳು ಚಪ್ಪಾಳೆ ತಟ್ಟಿದರು.

"ಹರಿಜನ ಸೋದರಿಯಿಂದಲೇ ಉದ್ಘಾಟನೆ ಮಾಡಿಸಿದ್ದೀರಿ! ಬಹಳ ಒಳ್ಳೆಯ ಕೆಲಸ ನರಸಿಂಹಯ್ಯನವರೇ" ಎಂದರು.

ವಾಜಿದ್ ಸಾಬರು ಫೋಟೋ ತೆಗೆದರು. ನರಸಿಂಹಯ್ಯನವರು ಜೇಬಿನಿಂದ ಕಲ್ಲುಸಕ್ಕರೆ ತೆಗೆದು ಬಾಯಿಗೆ ಹಾಕಿಕೊಂಡರು. ಮೈಕನ್ನು ಹತ್ತಿರ ಎಳೆದುಕೊಂಡರು.

"ನಾನು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದೇನೆ. ಈ ಬಾವಿ ಎಲ್ಲರದು!"

ಮೈಕಿನಲ್ಲಿ ಹೇಳಿದ್ದು ಇಡೀ ಊರಿಗೆ ಕೇಳಿತು. ನಾನು ಮತ್ತೆ ಸಾರುವ ಅಗತ್ಯ ಬೀಳಲಿಲ್ಲ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋಗಿ ಕೊಡ ತಂದರು. ಮಂತ್ರಿಗಳು ನೋಡುತ್ತಿರುವಾಗಲೇ ಸೇದಿದರು. ಜೀಪು ಹೋದ ಮೇಲೂ ಸೇದಿದರು. ಮರುದಿನ ಬೆಳಿಗ್ಗೆಯೂ ಹೋದರು.

ಊರಿನವರು ಆ ನೀರು ಮುಟ್ಟಲಿಲ್ಲ. ನಮ್ಮ ಕೊಡ ಇಳಿದ ಬಾವಿ ಅವರಿಗೆ ಬೇಡವಾಯಿತು. ಪುರೋಹಿತರನ್ನು ಕರೆಸಿ ಶುದ್ಧಿ ಮಾಡಿಸೋಣ ಎಂದು ಕೆಲವರು ಹೇಳಿದರಂತೆ. ದಿನಾ ಕೊಡ ಇಳಿಯುತ್ತಿದ್ದರೆ ದಿನಾ ಶುದ್ಧಿ ಮಾಡಿಸಬೇಕು ಎಂದು ಬಿಟ್ಟರು. ಮಂತ್ರಿಗಳ ಮಾತು, ಲಕ್ಕಮ್ಮನ ಫೋಟೋ ಪೇಪರಿನಲ್ಲಿ ಬಂದುಬಿಟ್ಟಿದ್ದವು, ನಮ್ಮನ್ನು ಓಡಿಸಲೂ ಆಗಲಿಲ್ಲ. ಸುಗ್ಗಿಯಲ್ಲಿ ನನಗೆ ರಾಗಿ ಕೊಡಲಿಲ್ಲ. ಹೆಬ್ಬಾಳದ ಕಡೆ ಕಲ್ಲು ಒಡೆಯಲು ಹೋಗುತ್ತಿದ್ದೇನೆ. ಬಂಡೆ ಒಡೆಯುವುದು ಹೇಗೂ ಕಲಿತಾಗಿತ್ತು.

ಬೇಸಿಗೆಯ ಹೊತ್ತಿಗೆ ಹಳೇ ಬಾವಿ ಮತ್ತೆ ಕೆಸರು ಕಾರಿತು. ಜೀಪು ಬಂತು. ಈ ಸಲ ನರಸಿಂಹಯ್ಯನವರು ಹುಣಸೆಮರ ದಾಟಿ ಕೇರಿಯೊಳಗೇ ಬಂದರು.

"ಗಂಗಪ್ಪ, ಊರಿಗೇ ಅಂತ ಇನ್ನೊಂದು ಬಾವಿ ಆಗ್ಬೇಕು. ಶ್ರಮದಾನ. ಹೊಸ ತಮಟೆ ಕೊಡಿಸ್ತೀನಿ, ನೀನೇ ಸಾರ್ಬೇಕು. ಕೇರಿಯವರು ಕೈ ಹಾಕಿದ್ರೆ ಬೇಗ ಮುಗಿಯುತ್ತೆ" ಎಂದರು. ಅವರ ಬಾಯಲ್ಲಿ ನನ್ನ ಹೆಸರಿಗೆ ಅಪ್ಪ ಸೇರಿದ್ದು ಅವತ್ತೇ.

ಕೇರಿಯವರೆಲ್ಲ ಸುತ್ತ ನಿಂತಿದ್ದರು. ಎಲ್ಲರೂ ನನ್ನನ್ನೇ ನೋಡಿದರು.

"ತಮಟೆ ಬ್ಯಾಡ ಸ್ವಾಮಿ."

"ಹಾಗಂದ್ರೆ? ಅಗೆಯಕ್ಕೂ ಬರಲ್ಲ ಅಂತೀರಾ?"

"ಬರಲ್ಲ ಅಂತ ಅನ್ಬಾರ್ದು ಸ್ವಾಮಿ, ನಿರಾಶೆ ಆಯ್ತದೆ" ಎಂದೆ. "ಕ್ರಮೇಣ ಬತ್ತೀವಿ."

ಅವರ ಕೈ ಜೇಬಿಗೆ ಹೋಯಿತು, ಬರಿಗೈ ಹೊರಗೆ ಬಂತು. ಜೀಪು ತಿರುಗಿಸಲು ಕೇರಿಯಲ್ಲಿ ಜಾಗ ಸಾಲದೆ ಹಿಂದಹಿಂದಕ್ಕೇ ಹೋದರು.

ಊರಿನವರು ತಾವೇ ತೋಡಲು ಇಳಿದರು. ಕೆಮ್ಮಣ್ಣು ದಾಟಿದರು, ಜೇಡಿ ದಾಟಿದರು, ಬಂಡೆ ಸಿಕ್ಕಿತು. ಒಂದು ಮಧ್ಯಾಹ್ನ ಲಕ್ಕಮ್ಮ ತುಂಬಿದ ಕೊಡ ಹೊತ್ತು ಆ ದಾರಿಯಲ್ಲಿ ಬರುತ್ತಿದ್ದಳು, ನಾನು ಜೊತೆಯಲ್ಲಿದ್ದೆ. ಆನಂದಪ್ಪ ಗುಂಡಿಯಿಂದ ಮೇಲೆ ಬಂದು ಕೂತಿದ್ದ. ಅಂಗೈಯ ಬೊಬ್ಬೆ ಒಡೆದಿತ್ತು. ತುಟಿ ಒಣಗಿ ಬಿಳುಪಾಗಿತ್ತು. ಅವನ ಕಣ್ಣು ಕೊಡದ ಮೇಲಿತ್ತು. ಬಾಯಿ ಬಿಟ್ಟು ಕೇಳಲಿಲ್ಲ.

ಲಕ್ಕಮ್ಮ ನಿಂತಳು. ಬೊಗಸೆಗೆ ಹುಯ್ಯಲಿಲ್ಲ. ಕೊಡವನ್ನು ಇಳಿಸಿ ಅವನ ಮುಂದೆ ನೆಲದ ಮೇಲೆ ಇಟ್ಟಳು.

"ಎತ್ಕಂಡು ಕುಡೀರಿ" ಎಂದಳು.

ಅವನು ಬಹಳ ಹೊತ್ತು ಕೊಡವನ್ನೇ ನೋಡಿದ. ಆಮೇಲೆ ಎದ್ದು ಹಾರೆ ತೆಗೆದುಕೊಂಡು ಗುಂಡಿಗೆ ಇಳಿದ. ಲಕ್ಕಮ್ಮ ಕೊಡ ಎತ್ತಿಕೊಂಡಳು. ನಾವು ಮನೆ ಸೇರುವ ತನಕ ಬಂಡೆಯ ಮೇಲೆ ಹಾರೆ ಬೀಳುವ ಸದ್ದು ಕೇಳುತ್ತಿತ್ತು. ಒಂದು ಏಟು. ಬಿಡುವು. ಮತ್ತೆ ಒಂದು ಏಟು.